ಮೇಜಿನ ಕೆಳಗಿನ ತರಬೇತಿ

ಎಲ್ಲಾ ಶುರುವಾಗಿದ್ದು ಒಂದು ಬೀಗದಿಂದ. ಶಾಲೆಗೆ ಹೊಸ ಕಂಪ್ಯೂಟರ್‌ಗಳು ಬಂದಿದ್ದವು. ಹೆಡ್ ಮೇಡಂ ಅವಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಕೀಯನ್ನು ಬ್ಯಾಗಿಗೆ ಹಾಕಿಕೊಂಡಿದ್ದರು. ಮಕ್ಕಳು ಕಿಟಕಿಗೆ ಮೂಗು ಒತ್ತಿ, ಮೃಗಾಲಯದಲ್ಲಿ ಮಲಗಿದ ಸಿಂಹವನ್ನು ನೋಡುವಂತೆ ನೋಡಿ ಹೋಗುತ್ತಿದ್ದರು.

"ಆನ್‌ಲೈನ್ ತರಬೇತಿ ಪರೀಕ್ಷೆಗೆ ಇವತ್ತೇ ಲಾಸ್ಟು," ಎಂದರು ಮೇಡಂ. "ಮೂರು ಜನ ಆದ್ರೂ ಪಾಸಾಗ್ಬೇಕು. ಇಲ್ದಿದ್ರೆ ಕಂಪ್ಯೂಟರ್ ವಾಪಸ್. ಜಾಸ್ತಿ ಮಾರ್ಕ್ಸ್ ತಗೊಂಡೋರೇ ಡಿಜಿಟಲ್ ಕಲಿಕೆ ಲೀಡರ್. ಕೀ ಅವರ ಕೈಗೆ!"

ವಿಜ್ಞಾನದ ಮೇಷ್ಟ್ರ ಎದೆ ಡವಡವ ಎಂದಿತು. ಯಾರ ಫೋನ್ ಸತ್ತರೂ ಇವರ ಬಳಿಯೇ ಬರುವುದರಿಂದ ಸ್ಟಾಫ್ ರೂಮಿನಲ್ಲಿ ಇವರ ಹೆಸರೇ 'ಚಾರ್ಜರ್'. ಕೀ ಸಿಕ್ಕ ಮರುಗಳಿಗೆ ಬಾಗಿಲು ತೆಗೆದು ಮಕ್ಕಳನ್ನು ಒಳಗೆ ಬಿಡಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

ಕಷ್ಟ ಏನೆಂದರೆ, ಉಳಿದವರಿಗೆ ಮೌಸ್ ಮುಟ್ಟಲೂ ಭಯ.

"ಚಾರ್ಜರ್ ಸಾರ್, ನನ್ನದೂ ನೀವೇ ಒತ್ಬಿಡಿ," ಎಂದರು ಹೊಲಿಗೆ ಟೀಚರ್.

"ನಾನು ಯುದ್ಧಗಳ ಬಗ್ಗೆ ಪಾಠ ಮಾಡ್ತೀನಿ ಕಣ್ರೀ, ಯುದ್ಧ ಮಾಡಲ್ಲ," ಎಂದರು ಇತಿಹಾಸದ ಮೇಷ್ಟ್ರು.

ಡ್ರಿಲ್ ಮೇಷ್ಟ್ರು ಮೀಸೆ ತಿರುವಿದರು. "ನಾನು ಫೀಲ್ಡಿಗಿಳಿದ್ರೆ ನೆಲ ನಡುಗುತ್ತೆ! ಆದ್ರೆ ಇದು ಫೀಲ್ಡಲ್ಲ. ಕೈ ಬಿಡ್ಬೇಡಿ ಗುರು."

ಪರೀಕ್ಷೆ ಸ್ಟಾಫ್ ರೂಮಿನ ಹಳೇ ಕಂಪ್ಯೂಟರಿನಲ್ಲಿ. ಅದರ ಕ್ಯಾಮೆರಾಗೆ ಪರೀಕ್ಷೆ ಬರೆಯುವವರ ಮುಖ ಕಾಣಬೇಕು. ಹಾಗಾಗಿ ಮುಖ ಅವರದು, ಕೈ ಇವರದು. ಚಾರ್ಜರ್ ಮೇಷ್ಟ್ರು ಕೀಬೋರ್ಡ್, ಮೌಸ್ ಎಳೆದುಕೊಂಡು ಮೇಜಿನ ಕೆಳಗೆ ಸೇರಿದರು. ಮೇಲಿದ್ದವರು ಪ್ರಶ್ನೆ ಪಿಸುಗುಟ್ಟುವುದು, ಪರದೆಯ ಮೇಲಿನ ಮೌಸ್ ಬಾಣ ಎತ್ತ ಹೋಗಬೇಕೆಂದು ಕಾಲಿನಿಂದ ತೋರಿಸುವುದು. ಎಡಕ್ಕೆಂದರೆ ಎಡ ಭುಜಕ್ಕೊಂದು ಒದೆ, ಬಲಕ್ಕೆಂದರೆ ಬಲಕ್ಕೊಂದು.

ಹೊಲಿಗೆ ಟೀಚರ್ ನಡುನಡುವೆ ಕಿಟಕಿ ಕಡೆ ತಿರುಗಿದರು. 'ಗಮನ ಸಾಲದು' ಎಂದು ಕಂಪ್ಯೂಟರ್ ಅಂಕ ಕಿತ್ತುಕೊಂಡಿತು. ಇತಿಹಾಸದ ಮೇಷ್ಟ್ರು ಆಕಳಿಸಿದರು. ಅವರಿಗೂ ಕತ್ತರಿ. ಇಬ್ಬರೂ ಹೇಗೋ ದಡ ಸೇರಿದರು. ಡ್ರಿಲ್ ಮೇಷ್ಟ್ರು ಮಾತ್ರ 'ಸಾವಧಾನ್' ಭಂಗಿಯಲ್ಲಿ, ಕಣ್ಣು ಮಿಟುಕಿಸದೆ, ಖಳನ ಎದುರು ನಿಂತ ಹೀರೋನಂತೆ ಕುಳಿತರು. ಬೇಕೆಂದೇ ಒಂದೆರಡು ತಪ್ಪು ಒತ್ತೋಣವೆಂದು ಚಾರ್ಜರ್‌ಗೆ ಅನ್ನಿಸಿತು, ಆದರೆ ಬೆರಳು ಮೇಷ್ಟ್ರದ್ದು, ಒಪ್ಪಲಿಲ್ಲ. ನೂರಕ್ಕೆ ನೂರು.

"ಪರವಾಗಿಲ್ಲ, ನಂದೂ ನೂರು ಬರುತ್ತೆ. ಹೇಗೂ ಮೇಡಂ ನನ್ನನ್ನೇ ಲೀಡರ್ ಮಾಡ್ತಾರೆ," ಎಂದುಕೊಂಡು ಚಾರ್ಜರ್ ಮೇಷ್ಟ್ರು ಭುಜ ನೀವುತ್ತಾ ಕುರ್ಚಿಯ ಮೇಲೆ ಕುಳಿತರು. ಇದೊಂದೇ ಆ ದಿನದ ನ್ಯಾಯವಾದ ಪರೀಕ್ಷೆ.

ಉತ್ತರಗಳು ಸರಸರ ಬಿದ್ದವು. ಉಳಿದದ್ದು ಕೊನೆಯ ಪ್ರಶ್ನೆ. ಅಷ್ಟರಲ್ಲಿ ಯಾರೋ ಕಾಲು ಹಿಡಿದುಕೊಂಡರು. ಬಗ್ಗಿ ನೋಡಿದರೆ ಡ್ರಿಲ್ ಮೇಷ್ಟ್ರು!

"ಇಲ್ಲೇನ್ರೀ ಮಾಡ್ತಿದೀರಾ?"

"ಋಣ ತೀರಿಸ್ತಿದೀನಿ ಗುರು! ಸ್ನೇಹಕ್ಕೆ ತಲೆ ಕೊಡ್ತೀನಿ, ತಲೆ!"

ಅಂದವರೇ ತಲೆ ಎತ್ತಿಯೂ ಬಿಟ್ಟರು. ಮೇಜಿನ ಅಂಚಿನಲ್ಲಿ ಮೊದಲು ಕ್ಯಾಪು, ಆಮೇಲೆ ಮೀಸೆ ಉದಯಿಸಿತು. ಪರದೆ ಕೆಂಪಾಯಿತು: 'ಮೇಜಿನ ಕೆಳಗೆ ಇನ್ನೊಬ್ಬ ವ್ಯಕ್ತಿ. ನಕಲು. ಪರೀಕ್ಷೆ ರದ್ದು. ಅಭ್ಯರ್ಥಿಯು ಶಾಲೆಯ ಲೀಡರ್ ಬಳಿ ತರಬೇತಿ ಪಡೆಯತಕ್ಕದ್ದು.'

ಕ್ಲೈಮ್ಯಾಕ್ಸ್ ಮುಗಿದ ಮೇಲೆ ಬರುವ ಪೊಲೀಸರಂತೆ ಹೆಡ್ ಮೇಡಂ ಆಗ ಬಂದರು. "ನೀವಾ ಸಾರ್, ಕಾಪಿ ಹೊಡೆದಿದ್ದು? ಛೆ! ಡ್ರಿಲ್ ಮಾಸ್ಟರ್ ನೋಡಿ ಕಲೀರಿ. ನೂರಕ್ಕೆ ನೂರು!" ಕೀ ಡ್ರಿಲ್ ಮೇಷ್ಟ್ರ ಅಂಗೈಗೆ ಬಿತ್ತು. "ಇವರಿಗೆ ಈಗ್ಲೇ ಟ್ರೈನಿಂಗ್ ಶುರು ಮಾಡಿ. ಸಂಜೆಯೊಳಗೆ ನಂಗೆ ರಿಪೋರ್ಟ್ ಬೇಕು."

ಮೇಡಂ ಹೋದರು. ಡ್ರಿಲ್ ಮೇಷ್ಟ್ರ ಮೀಸೆ ಒಣಗಿದ ಬಳ್ಳಿಯಂತೆ ಇಳಿಬಿದ್ದಿತ್ತು.

"ಗುರು... ನಿಮಗೆ ಏನು ಕಲಿಸ್ಲಿ? ನಂಗೆ ಆನ್ ಮಾಡೋಕೂ ಬರಲ್ಲ."

ಚಾರ್ಜರ್ ಮೇಷ್ಟ್ರು ನಿಟ್ಟುಸಿರು ಬಿಟ್ಟು ಮೌಸ್ ಕಡೆ ಕೈ ಚಾಚಿದರು, ಮತ್ತೆ ಹಿಂದೆಳೆದುಕೊಂಡರು. "ಇಲ್ಲ. ಈ ಸಲ ಕೈಯೂ ನಿಮ್ದೇ. ಮೊದಲು ಕಂಪ್ಯೂಟರ್ ರೂಮಿನ ಬಾಗಿಲು ತೆಗೀರಿ, ಮಕ್ಕಳೂ ಬರ್ಲಿ. ಒಟ್ಟಿಗೇ ಕಲೀರಿ."

ಮಕ್ಕಳು ನುಗ್ಗಿದರು. ಬಟ್ಟೆಗಳು ಹಾರಿದವು. ಡ್ರಿಲ್ ಮೇಷ್ಟ್ರ ಬಾಣ ಪರದೆಯ ತುಂಬಾ ಹುಚ್ಚುನೊಣದಂತೆ ಓಡಾಡಿ, ಕೊನೆಗೆ ಜಾಗ ಹಿಡಿಯಿತು. ಹೊಲಿಗೆ ಟೀಚರ್ ಕುರ್ಚಿ ಎಳೆದುಕೊಂಡು, "ನಂಗೂ ಸ್ವಲ್ಪ ಜಾಗ ಬಿಡ್ರೋ," ಎಂದರು.

ಸಂಜೆ ಡ್ರಿಲ್ ಮೇಷ್ಟ್ರು ನಾಲಿಗೆ ಕಚ್ಚಿಕೊಂಡು, ಒಂದೇ ಬೆರಳಿನಲ್ಲಿ, ಯಾರ ಸಹಾಯವೂ ಇಲ್ಲದೆ ರಿಪೋರ್ಟ್ ಟೈಪ್ ಮಾಡಿ ಮೇಡಂಗೆ ಕಳಿಸಿಯೇಬಿಟ್ಟರು. ಚಾರ್ಜರ್ ಮೇಷ್ಟ್ರು ಹೆಮ್ಮೆಯಿಂದ ಬಗ್ಗಿ ಓದಿದರು. ಒಂದಕ್ಷರವೂ ತಪ್ಪಿರಲಿಲ್ಲ:

'ಅಭ್ಯರ್ಥಿ ಇಡೀ ದಿನ ಮೌಸ್ ಮುಟ್ಟಲಿಲ್ಲ. ಬರೀ ಮಾತು. ಇನ್ನೂ ಒಂದು ತಿಂಗಳು ತರಬೇತಿ ಬೇಕು.'