ಎರಡು ಗ್ಯಾಲಕ್ಸಿ, ಒಂದು ಹಿಟ್ಟಿನ ಡಬ್ಬಿ

ಚಿಂತೆಗೆ ಕಾರಣ ಸಿಗದಿದ್ದರೆ ನನಗೆ ಅದೇ ಒಂದು ಚಿಂತೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದರೆ, ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಲೆಕ್ಕ ಹಾಕತೊಡಗುತ್ತೇನೆ. ಇಂಥ ಸ್ವಭಾವದವನು ಖಗೋಳ ವಿಜ್ಞಾನ ಓದಬಾರದು. ಆದರೆ ವಾಸ್ಕೋ ಬಂದರಿನ ಪಕ್ಕದ ಸಡಾದ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾದವನು ಓದದೆ ಏನು ಮಾಡಬೇಕು?

ಆ ವರ್ಷ ಕುಂಕಳ್ಳಿಯಲ್ಲಿ ನನ್ನ ತಮ್ಮ ಬಸು ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿತು. ಅವನಿಗೆ ಬಂದರಿನಲ್ಲಿ ಕೆಲಸ ಸಿಕ್ಕಾಗ, "ಬಾಡಿಗಿ ಖೋಲಿ ಯಾಕೋ, ನಮ್ಮ ಮನಿಗೇ ಬಾ," ಎಂದು ಕರೆದವನು ನಾನೇ. ಅವನೂ ಅವನ ಹೆಂಡತಿ ನೀಲವ್ವನೂ ಟ್ರಂಕು, ಹಾಸಿಗೆ, ಜೋಳದ ಹಿಟ್ಟಿನ ಡಬ್ಬಿ ಹೊತ್ತು ನಮ್ಮ ಎರಡು ಖೋಲಿಯ ಮನೆಗೆ ಬಂದರು. ನನ್ನ ಹೆಂಡತಿ ಗಿರಿಜಾ ಮೊದಲು ಮಾಡಿದ ಕೆಲಸವೆಂದರೆ ನೀಲವ್ವನ ಹಿಟ್ಟನ್ನು ನಮ್ಮ ಡಬ್ಬಿಗೆ ಸುರಿದದ್ದು. ನಮ್ಮ ಕಡೆ ಹಿಟ್ಟು ಒಂದಾದರೆ ಮನೆ ಒಂದಾದ ಹಾಗೆ. ಖಾಲಿಯಾದ ಡಬ್ಬಿಯನ್ನು ನೀಲವ್ವ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಅವತ್ತಿನಿಂದ ಅಡುಗೆಮನೆಯಲ್ಲಿ ಏನು ಗಲಾಟೆ, ಏನು ನಗು! ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುವಳು. ನಾನು ಮಾತ್ರ ಪಾಠದ ತಯಾರಿಗೆಂದು ತಂದ ವಿಜ್ಞಾನ ಪತ್ರಿಕೆ ಓದಿ ಬೆವರುತ್ತಿದ್ದೆ. ಎರಡು ಗ್ಯಾಲಕ್ಸಿಗಳು ಬೆರೆತಾಗ ನಕ್ಷತ್ರಗಳು ಡಿಕ್ಕಿ ಹೊಡೆಯುವುದು ತೀರ ಅಪರೂಪವಂತೆ, ನಡುವೆ ಅಷ್ಟು ಜಾಗವಿರುತ್ತದೆ. ಆದರೆ ಅವುಗಳಲ್ಲಿರುವ ತಣ್ಣನೆಯ ಅನಿಲ ಒತ್ತಿಕೊಂಡು, ಕೇಂದ್ರದತ್ತ ಹರಿದು, ಹೊಸ ನಕ್ಷತ್ರಗಳು ಒಮ್ಮೆಲೇ ಗುಂಪುಗುಂಪಾಗಿ ಹುಟ್ಟುತ್ತವೆ. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಎಷ್ಟೋ ಸಲ ಆ ಅನಿಲ ಬೇಗ ತೀರಿಹೋಗುತ್ತದೆ, ಉಳಿದದ್ದನ್ನು ನಡುವೆ ಕೂತ ಕಪ್ಪುರಂಧ್ರ ಕಾಯಿಸಿ ಹೊರಗಟ್ಟುತ್ತದೆ, ಕಾದ ಅನಿಲದಿಂದ ನಕ್ಷತ್ರ ಹುಟ್ಟುವುದಿಲ್ಲ, ಕಡೆಗೆ ಮುದಿ ನಕ್ಷತ್ರಗಳಷ್ಟೇ ಉಳಿಯುತ್ತವೆ ಎಂದು ಮುಂದಿನ ಪುಟದಲ್ಲಿತ್ತು.

ಒಳಗಿನಿಂದ ನಗು ಕೇಳಿದಾಗಲೆಲ್ಲ ನನಗೆ ಅನಿಲ ತೀರುತ್ತಿದೆ ಎನಿಸತೊಡಗಿತು. "ನಗೂದು ಸ್ವಲ್ಪ ಉಳಿಸಿಕೊಳ್ರಿ, ಮುಂದ ಬೇಕಾಗ್ತೈತಿ," ಎಂದೆ. ಇಬ್ಬರೂ ಇನ್ನಷ್ಟು ನಕ್ಕರು. ಇವರು ಎಲ್ಲಿ ಜಗಳವಾಡಿ, ತಮ್ಮ ಎಲ್ಲಿ ಮನೆ ಬಿಟ್ಟು ಹೋಗುತ್ತಾನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಇದ್ದರೆ ತಕರಾರೇ ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿ, ವಾಸ್ಕೋದ ಪೇಟೆಯಿಂದ ಹೊಸ ಹಿಟ್ಟಿನ ಡಬ್ಬಿ ತಂದು ಒಲೆಯ ಪಕ್ಕದಲ್ಲಿಟ್ಟೆ.

ನಗು ನಿಂತಿತು.

"ಯಾಕ್ರೀ, ಬ್ಯಾರೆ ಆಗೂ ವಿಚಾರ ಐತೇನು?" ಎಂದಳು ಗಿರಿಜಾ. ನೀಲವ್ವ ಟ್ರಂಕಿಗೆ ಸೀರೆ ತುಂಬತೊಡಗಿದಳು. "ಬಾಯಿಬಿಟ್ಟು ಹೇಳಿದ್ರ ಹೋಗ್ತಿದ್ವಲ್ಲ ಅಣ್ಣಾ, ಡಬ್ಬಿ ಯಾಕ ತಂದಿ?" ಎನ್ನುತ್ತ ಬಸು ಹಾಸಿಗೆ ಸುತ್ತತೊಡಗಿದ.

ನಾನು ಬಾಗಿಲಿಗೆ ಅಡ್ಡ ನಿಂತು ಗ್ಯಾಲಕ್ಸಿಯಿಂದ ಹಿಡಿದು ಕಪ್ಪುರಂಧ್ರದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. "ನೀವು ಹೋದ್ರ ನನಗ ಮನಿ ಬಣಬಣ ಅಂತೈತಿ," ಎನ್ನುವಷ್ಟರಲ್ಲಿ ಅಳುವೇ ಬಂದುಬಿಟ್ಟಿತು.

ನೀಲವ್ವ ಸೀರೆ ಕೆಳಗಿಟ್ಟಳು. "ಅಲ್ರೀ ಭಾವಾರ, ನಾವಿಬ್ರೂ ಚಲೋನೇ ಇದ್ವಿ. ನಡುವ ಕುಂತು ಕಾಸಾಕತ್ತವ್ರು ಯಾರು?"

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು. ಹೊಸ ಡಬ್ಬಿಯಲ್ಲಿ ಈಗ ನನ್ನ ವಿಜ್ಞಾನ ಪತ್ರಿಕೆಗಳಿವೆ. ಓದಬೇಕೆಂದರೆ ಇಬ್ಬರನ್ನೂ ಕೇಳಬೇಕು. ಅಡುಗೆಮನೆಯಲ್ಲಿ ನಗು ಬಹಳ ಹೊತ್ತು ನಡೆದರೆ ನಾನು ಈಗಲೂ ತಡೆಯಲಾರದೆ ಏಳುತ್ತೇನೆ. "ಭಾವಾರ, ಅಲ್ಲೇ ಕೂಡ್ರಿ," ಎಂದು ನೀಲವ್ವನ ದನಿ ಬರುತ್ತದೆ. ಕೂಡುತ್ತೇನೆ, ಆದರೆ ಮನೆಯ ನಡುವೆ ಅಲ್ಲ, ಹೊರಗೆ ಕಟ್ಟೆಯ ಮೇಲೆ.