ಸಮುದ್ರವಿಲ್ಲದ ಊರಿಗೆ ಸಮುದ್ರದ ಸುದ್ದಿ

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ನಿಂತು ನೋಡಿದರೂ ಸಮುದ್ರ ಕಾಣುವುದಿಲ್ಲ. ಆದರೂ ಸಮುದ್ರದಿಂದ ನಮಗೆ ತೊಂದರೆ ತಪ್ಪಿದ್ದಿಲ್ಲ. ಆ ತೊಂದರೆಯ ನಡುವೆಯೇ ನಗು ಬಂದುಬಿಡುವುದೂ ತಪ್ಪಿದ್ದಿಲ್ಲ. ನನ್ನ ಕೆಲಸ ಇಷ್ಟೇ. ಇಂಗ್ಲಿಷಿನಲ್ಲಿ ಬರುವ ಹವಾಮಾನ ವರದಿಯನ್ನು ದಿನಾ ಬೆಳಿಗ್ಗೆ ಕನ್ನಡಕ್ಕೆ ತಿರುಗಿಸಿ, ನನ್ನ ದನಿಯಲ್ಲೇ ಓದಿ, ಒಂದು ರೈತ ಸಂಘದ ಪರವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಜನರ ಮೊಬೈಲಿಗೆ ಕಳಿಸುವುದು. ಮಳೆ ಬಂದರೂ ನನಗೇ ಬೈಗುಳ, ಬಾರದಿದ್ದರೂ ನನಗೇ. ಎಲ್ಲಾ ಹೇಳಿದರೆ ಮುಗಿಯುವುದಿಲ್ಲ, ಹೋದ ವರ್ಷದ್ದು ಮಾತ್ರ ಹೇಳುತ್ತೇನೆ.

ಕಾದ ನೀರು

ಬೇಸಿಗೆಯ ಕೊನೆಗೆ ಜಗಳೂರಿನ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಪೆಸಿಫಿಕ್ ಸಾಗರದ ನೀರು ಕಾದಿದೆ, ಅದಕ್ಕೆ ಎಲ್ ನಿನೋ ಅನ್ನುತ್ತಾರೆ, ಈ ಸಲ ಮುಂಗಾರು ಸೊರಗಬಹುದು, ಮೊದಲ ಹನಿ ಬಿದ್ದ ಕೂಡಲೇ ಮೆಕ್ಕೆಜೋಳ ಬಿತ್ತಬೇಡಿ ಎಂದು ಹೇಳಿ ಬರುವುದು ನನ್ನ ಪಾಲಿಗೆ ಬಂದಿತ್ತು. ಊರವರು ಶಾಲೆಯ ಜಗಲಿ ಮೇಲೆ ಕೂತು ಕೇಳುತ್ತಿದ್ದರು. ಹಿಂದಿನ ಸಲ ಬಿತ್ತಿದ್ದೇ ಮೊಳಕೆ ಒಡೆಯದೆ ಮಣ್ಣಿನಲ್ಲಿ ಹುರಿದುಹೋಗಿತ್ತು. ಎದುರಿಗೆ ಟ್ಯಾಂಕರ್ ನೀರಿಗೆ ಇಟ್ಟ ಕೊಡಗಳ ಸಾಲು ನಾನು ಮಾತು ಶುರು ಮಾಡಿದಾಗ ಎಲ್ಲಿತ್ತೋ ಮುಗಿಸಿದಾಗಲೂ ಅಲ್ಲೇ ಇತ್ತು.

ಆ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದು, ನೀರು ಕಾದಿರೋ ಸಮುದ್ರ ಎಲ್ಲೈತೆ ಎಂದು ಕೇಳಿದರು. ಭೂಮಿಯ ಆ ಕಡೆ ಇದೆ ಎಂದೆ. ಅಲ್ಲಿ ಕಾದರೆ ಇಲ್ಲಿ ಮಳೆ ಯಾಕೆ ನಿಲ್ಲಬೇಕು ಎಂದರು. ಗಾಳಿ ಹೇಗೆ ದಿಕ್ಕು ಬದಲಿಸುತ್ತದೆ ಅಂತ ಎರಡೂ ಕೈ ತಿರುಗಿಸಿ ತೋರಿಸಿದೆ. ಅಜ್ಜಿ ನನ್ನ ಕೈಯನ್ನೇ ನೋಡುತ್ತಾ ಪೂರ್ತಿ ಕೇಳಿಸಿಕೊಂಡು ಕೊಡದ ಕಡೆ ಹೊರಟರು.

"ನಮಗೆ ಒಂದು ಹಂಡೆ ಕಾಯಿಸಾಕೆ ನೀರೂ ಇಲ್ಲ, ಸೌದೇನೂ ಇಲ್ಲ. ಅಲ್ಲಿ ನೋಡಿದ್ರೆ ಇಡೀ ಸಮುದ್ರಾನೇ ಕಾಯಿಸ್ಕೊಂಡು ಕೂತಾರಂತೆ. ಇದ್ದೋರ ಮನೆ ವಿಚಾರ ಬಿಡಪ್ಪ."

ಮೀನುಗಾರರ ಗಮನಕ್ಕೆ

ವರದಿಯ ಕೊನೆಯಲ್ಲಿ ಸಮುದ್ರದ ಭಾಗ ಒಂದಿರುತ್ತದೆ. ಅಲೆ ಎಷ್ಟು ಎತ್ತರ, ಗಾಳಿ ಎಷ್ಟು ಜೋರು, ಮೀನುಗಾರರು ನೀರಿಗಿಳಿಯಬೇಕೋ ಬೇಡವೋ ಎಲ್ಲಾ ಅದರಲ್ಲಿರುತ್ತದೆ. ಅಡಿಕೆ, ಭತ್ತದವರಿಗೆ ಅದು ಯಾಕೆ ಅಂತ ನಾನು ಬಿಟ್ಟೇ ಓದುತ್ತಿದ್ದೆ. ಹೊಸದಾಗಿ ಬಂದ ಸಂಘದ ಕಾರ್ಯದರ್ಶಿ ಮಾತ್ರ ಒಂದಕ್ಷರ ಬಿಡಕೂಡದು ಎಂದರು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದ ದಿನ ಅದನ್ನೂ ಓದಿದೆ: "ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಇಳಿದವರು ಕೂಡಲೇ ದಡಕ್ಕೆ ಮರಳಬೇಕು."

ಚನ್ನಗಿರಿಯ ಕಡೆಯ ಸೂಳೆಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವ ಅಣ್ಣತಮ್ಮ ಇಬ್ಬರಿದ್ದರು. ಅಣ್ಣ ಇದನ್ನು ಕೇಳಿ ಬಲೆ ಮಡಚಿಟ್ಟ. ತಮ್ಮ ನಕ್ಕು, ಸಮುದ್ರದವರಿಗೆ ಹೇಳಿದರೆ ನಿನಗ್ಯಾಕೆ ನಡುಕ ಎಂದು ಒಬ್ಬನೇ ಹೋದ. ಮಧ್ಯಾಹ್ನ ದಾಟುವ ಹೊತ್ತಿಗೆ ಗಾಳಿ ಎದ್ದಿತು. ಆ ಕೆರೆ ಸಾಮಾನ್ಯದ್ದಲ್ಲ, ಗಾಳಿ ಬಿದ್ದರೆ ಆಚೆ ದಡ ಕಾಣುವುದಿಲ್ಲ. ತೆಪ್ಪ ಖಾಲಿಯಾಗಿ ಏರಿಯ ಹತ್ತಿರ ತೇಲಿ ಬಂತು. ತಮ್ಮನ ಹೆಂಡತಿಯನ್ನು ನೀರಿನ ಕಡೆ ಬಿಡದೆ ನಾಲ್ಕು ಹೆಂಗಸರು ಹಿಡಿದು ಕೂತಿದ್ದರು. ಅಣ್ಣ ಮತ್ತೊಂದು ತೆಪ್ಪದಲ್ಲಿ ಕೂಗುತ್ತಾ ಹುಡುಕುತ್ತಾ ಹೋದ. ನೀರಿನಲ್ಲಿ ಮುಳುಗಿದ್ದ ಒಂದು ಜಾಲಿ ಮರದ ಕೊಂಬೆಯನ್ನು, ಮುಳ್ಳನ್ನೂ ಲೆಕ್ಕಿಸದೆ, ತಮ್ಮ ಅಪ್ಪಿ ಹಿಡಿದಿದ್ದ.

ಮರುದಿನ ನೋಡಲು ಹೋದೆ. ಎದೆ, ತೋಳೆಲ್ಲಾ ಗಾಯ, ಕಂಬಳಿ ಹೊದ್ದರೂ ನಡುಕ ನಿಂತಿರಲಿಲ್ಲ. ಬಲೆ ನೀರು ಪಾಲಾಗಿತ್ತು. ನನ್ನ ದನಿ ಕೇಳಿದ್ದೇ ಗುರುತು ಹಿಡಿದ.

"ಸಾರ್, ಸಮುದ್ರ ಅಂತ ಹೇಳಿ ಕೆಡಿಸಿದ್ರಿ. ಮುಂದಿನ ಸಲ ಸೂಳೆಕೆರೆ ಅಂತ ಹೆಸರು ಹಿಡಿದು ಹೇಳ್ರಿ."

ಹಾಗೆ ಹೇಳಿದರೆ ಹೋಗುವುದಿಲ್ಲವೇ ಎಂದು ಕೇಳಿದೆ. ಕಂಬಳಿ ಎಳೆದುಕೊಂಡು ಹೇಳಿದ: "ಹೋಗಾಕೇನೋ ಹೋಗ್ತೀನಿ. ಬಯ್ಯಾಕೆ ನೀವು ಸಿಗಲ್ಲ ಅಷ್ಟೆ."

ಹೆಸರಿಟ್ಟವರು

ದೀಪಾವಳಿ ಆದಮೇಲೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಹೊನ್ನಾಳಿಯ ಕಡೆ ಹಗಲೂ ರಾತ್ರಿ ಮಳೆ ಹಿಡಿಯಿತು. ಕೊಯ್ದಿಟ್ಟ ಭತ್ತ ಕಣದಲ್ಲೇ ಮೊಳಕೆ ಒಡೆಯಿತು. ಒಂದು ಮನೆಯಲ್ಲಿ ಮಣ್ಣಿನ ಗೋಡೆ ನೆನೆದು ಕೊಟ್ಟಿಗೆಯ ಮೇಲೆ ಬಿದ್ದು ಹಾಲು ಕೊಡುವ ಎಮ್ಮೆ ಸತ್ತಿತು. ಮನೆಯ ಹೆಂಗಸು ಆಗತಾನೇ ಒಲೆ ಹಚ್ಚಲು ಒಳಗೆ ಹೋಗಿದ್ದರಿಂದ ಬದುಕಿದ್ದಳು. ಅವಳ ಸಂಸಾರ ನಡೆಯುತ್ತಿದ್ದುದೇ ಆ ಹಾಲಿನಿಂದ.

ನಾನು ಹೋದಾಗ ಎಮ್ಮೆ ಇನ್ನೂ ಮಣ್ಣಿನಡಿಯಲ್ಲೇ ಇತ್ತು, ಕೊಂಬು ಮಾತ್ರ ಕಾಣುತ್ತಿತ್ತು. ಅವಳು ಅದರ ಹತ್ತಿರ ಕೂತು ಕೊಂಬಿನ ಕೆಸರು ಒರೆಸುತ್ತಿದ್ದಳು. ಅವಳೇ ಮಾತು ತೆಗೆದು, ಈ ಗಾಳಿಗೆ ನೀವು ಏನೋ ಒಂದು ಹೆಸರು ಹೇಳಿದ್ರಲ್ಲ, ಅದನ್ನ ಇಡೋರು ಯಾರು ಎಂದು ಕೇಳಿದಳು. ಸಮುದ್ರದ ಸುತ್ತಮುತ್ತಲಿನ ದೇಶಗಳವರು ಸರದಿ ಪ್ರಕಾರ ಇಡುತ್ತಾರೆ, ಈ ಸಲ ಬೇರೊಂದು ದೇಶದ ಸರದಿ ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೆಸರಿಡಾಕೆ ಬಂದೋರು ಬರಿಗೈಲಿ ಬರ್ತಾರೇನ್ರಿ? ಒಂದು ಎಮ್ಮೆ ಕಳಿಸಾಕೆ ಹೇಳ್ರಿ."

ಸಮಾಧಾನ ಹೇಳಲು ಬಂದಿದ್ದ ನೆರೆಮನೆಯವರು ನಗಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡರು. ಮೊದಲು ನಕ್ಕವಳು ಅವಳೇ.

ಹಡಗಿನ ಅಡುಗೆಯವರು

ನ್ಯಾಮತಿಯಲ್ಲಿ ಒಬ್ಬ ಹಿರಿಯರಿದ್ದರು. ಪ್ರಾಯದಲ್ಲಿ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡು ದೇಶ ದೇಶ ಸುತ್ತಿ ಬಂದವರು. ನಾನು ಓದುವ ಸಮುದ್ರದ ಭಾಗವನ್ನು ಇಡೀ ನಾಲ್ಕು ತಾಲ್ಲೂಕಿನಲ್ಲಿ ಇಷ್ಟಪಟ್ಟು ಕೇಳುವವರು ಅವರೊಬ್ಬರೇ. ಅಂಡಮಾನಿನ ಹತ್ತಿರ ಅಲೆ ಎದ್ದಿದೆ ಅಂದರೆ ಫೋನ್ ಮಾಡಿ, ಅಲ್ಲಿ ಒಂದು ಸಲ ಸಾಂಬಾರಿನ ಪಾತ್ರೆ ಮಗುಚಿ ಕಾಲು ಸುಟ್ಟುಕೊಂಡಿದ್ದನ್ನು ಹೇಳುವರು. ನೆಲದ ಮೇಲಿನ ಮಳೆಯ ವಿಚಾರದಲ್ಲಿ ಮಾತ್ರ ನನ್ನನ್ನು ಕಾಸಿನಷ್ಟೂ ನಂಬುತ್ತಿರಲಿಲ್ಲ. ಇವತ್ತು ಬಿಸಿಲು ಎಂದು ನಾನು ಓದಿದರೆ ಮನೆಯಲ್ಲಿ ಹಪ್ಪಳ ಒಣಹಾಕಲು ಬಿಡುತ್ತಿರಲಿಲ್ಲವಂತೆ.

ಹಾಸಿಗೆ ಹಿಡಿದ ಮೇಲೂ ಫೋನ್ ತಪ್ಪಿಸಲಿಲ್ಲ. ದನಿ ದಿನಾ ಸಣ್ಣದಾಗುತ್ತಾ ಹೋಯಿತು. ಕೊನೆಕೊನೆಗೆ ಬರೀ ಉಸಿರು ಕೇಳುತ್ತಿತ್ತು, ಅಲೆಯ ಎತ್ತರವನ್ನು ನಾನೇ ಇನ್ನೊಂದು ಸಲ ಹೇಳಿ ಇಡುತ್ತಿದ್ದೆ. ಆ ಚಂಡಮಾರುತದ ಮಳೆ ಇನ್ನೂ ಬಿಟ್ಟಿರಲಿಲ್ಲ, ಒಂದು ಬೆಳಿಗ್ಗೆ ಅವರ ನಂಬರಿನಿಂದ ಅವರ ಮಗ ಮಾತಾಡಿದ. ಅಪ್ಪ ಹೋದರು ಎಂದ.

ಹೋಗಿ ನೋಡಿದರೆ ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿತ್ತು, ಮಳೆ ಸುರಿಯುತ್ತಿತ್ತು. ಸ್ಮಶಾನದಲ್ಲಿ ತಂದು ಹಾಕಿದ್ದ ಸೌದೆ ಪೂರ್ತಿ ನೆನೆದಿತ್ತು. ಬೇರೆ ಒಣಸೌದೆ ಟ್ರ್ಯಾಕ್ಟರಿನಲ್ಲಿ ಟಾರ್ಪಾಲು ಮುಚ್ಚಿಕೊಂಡು ಕಾಯುತ್ತಿತ್ತು. ಮಗ ನನ್ನ ಕೈ ಹಿಡಿದು, ಮಳೆ ಯಾವಾಗ ಬಿಡುವು ಕೊಡುತ್ತೆ ವಿಚಾರಿಸಿ ಎಂದು ಬೇಡಿಕೊಂಡ. ನಗರದ ಹವಾಮಾನದವರಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬಿಡುವು ಸಿಗಬಹುದು ಎಂದರು. ಅದನ್ನೇ ಹೇಳಿದೆ. ಎಲ್ಲರೂ ಕೂತರು. ಮಧ್ಯಾಹ್ನವಾಯಿತು, ಮಳೆ ಇನ್ನೂ ಬಿರುಸಾಯಿತು. ಬೆಳಗಿನಿಂದ ಬಾಯಿಗೆ ನೀರು ಹಾಕದೆ ಕೂತ ನೆಂಟರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿ ನೋಡತೊಡಗಿದರು. ಇನ್ನು ಅರ್ಧ ಗಂಟೆ ನೋಡೋಣ ಎಂದು ನಾನೇ ಬಾಯಿಬಿಟ್ಟೆ.

ಗಂಡನ ತಲೆಯ ಹತ್ತಿರ ಅಳುತ್ತಾ ಕೂತಿದ್ದ ಅಮ್ಮ ತಲೆ ಎತ್ತಿದರು.

"ಮೇಲಕ್ಕೆತ್ರಪ್ಪ. ಇವರ ಮಳೆ ಮಾತು ನಂಬ್ಕೊಂಡು ತನ್ನ ಇಟ್ಕೊಂಡು ಕೂತಾರೆ ಅಂತ ಗೊತ್ತಾದ್ರೆ, ಆ ಮನುಷ್ಯ ಎದ್ದು ಸುಡುಗಾಡಿಗೆ ನಡ್ಕೊಂಡೇ ಹೋಗ್ತಾನೆ."