ಎಮಿಲಿ ಅಂದ್ರೆ ಏನರ್ಥ?

ನಮ್ಮ ಮನೆಯಲ್ಲಿ ಮಗು ಹುಟ್ಟುವುದು ಒಂದು ದಿನದ ಕೆಲಸ, ಅದಕ್ಕೆ ಹೆಸರಿಡುವುದು ತಿಂಗಳುಗಟ್ಟಲೆ ಜಗಳ. ತಮ್ಮನ ಮಗಳ ಸರದಿಯಲ್ಲೂ ಹಾಗೇ ಆಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಹಾಗಾಗಿ ಎರಡೂ ಕಡೆಯ ಬೈಗುಳ ನನಗೇ.

ಒಂದು ಅರ್ಥ

ತಮ್ಮನ ಹೆಂಡತಿ ದೇವನಹಳ್ಳಿ ಏರ್‌ಪೋರ್ಟಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಇಂಗ್ಲೆಂಡಿನ ಮಗುವೊಂದು ಇವಳನ್ನು ನೋಡಿ ನಕ್ಕಿತಂತೆ, ಹೆಸರು ಎಮಿಲಿ ಅಂತೆ. ನನ್ನ ಮಗಳಿಗೂ ಅದೇ ಎಂದು ಹಟ ಹಿಡಿದಳು.

"ಏನಮ್ಮಾ ಅದರರ್ಥ?" ಅಂತ ನಮ್ಮಮ್ಮ ಕೇಳಿದಳು.

ಸೊಸೆ ಫೋನ್ ನೋಡಿ, "ಕಷ್ಟಪಟ್ಟು ದುಡಿಯೋಳು ಅಂತ ಅತ್ತೆ" ಎಂದಳು.

"ನಿಮ್ಮಮ್ಮ ನಿನಗೇ ಇಡಬೇಕಾಗಿತ್ತು ಕಣೇ. ಬೆಳಿಗ್ಗೆ ಬೇಗ ಎದ್ದು ಹಾಲಾದ್ರೂ ಕರೀತಿದ್ದೆ!"

ಇನ್ನೊಂದು ಅರ್ಥ

ಹೆಂಡತಿಗೆ ಸಹಾಯ ಮಾಡಲು ಹೊರಟ ನಮ್ಮ ತಮ್ಮ ತನ್ನ ಫೋನಿನಲ್ಲೂ ಹುಡುಕಿದ. "ಮೂಲ ಲ್ಯಾಟಿನ್ ಅಂತೆ ಕಣಮ್ಮಾ. ಪೈಪೋಟಿಗೆ ನಿಲ್ಲೋಳು ಅಂತ."

"ಪೈಪೋಟಿ ಯಾರ ಜೊತೆ?" ಅಂದಳು ಅಮ್ಮ.

ಅತ್ತೆ ಸೊಸೆಯನ್ನು ನೋಡಿದಳು, ಸೊಸೆ ಅತ್ತೆಯನ್ನು ನೋಡಿದಳು. ತಮ್ಮನಿಗೆ ತಕ್ಷಣ ತೋಟಕ್ಕೆ ನೀರು ಬಿಡುವುದು ನೆನಪಾಗಿ ಎದ್ದು ಓಡಿದ. ಆ ಹೊತ್ತಿನಲ್ಲಿ ಊರಲ್ಲೆಲ್ಲೂ ಕರೆಂಟೇ ಇರಲಿಲ್ಲ.

ನಾಮಕರಣ

ಕೊನೆಗೆ ಅಮ್ಮನೇ ಗೆದ್ದಳು. "ನಮ್ಮತ್ತೆ ಹೆಸರೇ ಇಡ್ಬೇಕು. ಹಿರೀಕರ ಹೆಸರು ಮನೇಲಿ ಉಳೀಬೇಕು" ಅಂದಳು. ನಾನು ಮಗುವಿನ ಕಿವಿಯಲ್ಲಿ ಮೂರು ಸಲ "ಮುನಿಲಕ್ಷ್ಮಮ್ಮ" ಅಂದೆ. ಹೆತ್ತವಳ ಕಣ್ಣು ತುಂಬಿತು, ನನಗೂ ಸಂಕಟವಾಯಿತು. ಮಗು ಸೂರು ಹಾರಿಹೋಗುವ ಹಾಗೆ ಕಿರುಚಿತು.

"ನೋಡಿದ್ಯಾ, ಒಪ್ಕೊಂತು" ಅಂದಳು ಅಮ್ಮ.

ಕೂಗು

ಸೊಸೆ ಮಾತ್ರ ಅಡುಗೆಮನೆಯಲ್ಲಿ ಮೆಲ್ಲಗೆ ಎಮಿಲಿ ಎಂದೇ ಕರೆಯುತ್ತಿದ್ದಳು. ಅಮ್ಮ ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಿದ್ದಳು. ತಾನು ಮಾತ್ರ "ಕೂಸೇ", "ಇವಳೇ" ಅನ್ನುತ್ತಿದ್ದಳು. ಮುದ್ದಿಗೆ ಇರಬೇಕು ಎಂದುಕೊಂಡಿದ್ದೆ.

ಮಗು ನಡೆಯಲು ಕಲಿತ ಹೊಸತು. ಒಂದು ಸಂಜೆ ಅದು ಹಾಯುವ ಹಸುವಿನ ಕಡೆಗೆ ನೆಟ್ಟಗೆ ಹೊರಟಿತು. ಜಗುಲಿಯಿಂದ ಅಮ್ಮ "ಲೇ! ಲೇ, ಇವಳೇ! ನಿಲ್ಲೇ!" ಎಂದು ಬಡಕೊಂಡಳು. ಮಗು ತಿರುಗಲಿಲ್ಲ. ಅಮ್ಮ ಬಾಯಿ ತೆರೆದಳು, ಮುಚ್ಚಿದಳು, ಕೊನೆಗೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಏ ಎಮಿಲೀ!"

ಮಗು ನಿಂತು, ತಿರುಗಿ ನಕ್ಕಿತು. ಓಡಿಬಂದ ಸೊಸೆ ಅದನ್ನು ಎತ್ತಿಕೊಂಡು, "ಏನಂತ ಕೂಗಿದ್ರಿ ಅತ್ತೆ?" ಎಂದಳು.

"ಇನ್ನೇನಂತ ಕೂಗ್ಲಿ? ಅತ್ತೆ ಹೆಸರು ಬಾಯಲ್ಲಿ ಹೇಳೋ ಹಂಗಿಲ್ಲ, ಈ ವಯಸ್ಸಿಗೂ ನಾಲಿಗೆ ಹೊರಳಲ್ಲ. ಅಲ್ದೆ ಆ ಮಹಾತಾಯಿನ ಕೂಗಿ, ಅವರು ಎದ್ದು ಬಂದ್ಬಿಟ್ರೆ? ಬದುಕಿದ್ದಾಗಲೇ ಸಾಕಾಗಿತ್ತು. ನಮಗೆ ಎಮಿಲೀನೇ ಸಾಕು ಕಣೇ!"